ಕ್ಯಾಲ್ಕುಲೇಟರ್ ಕೇಬಲ್ಲಿನ ದೋಷಗಳ ಚರಿತ್ರೆ

ಸಮೀಕರಣವೊಂದನ್ನು ಕೊಟ್ಟರೆ ಅದರ ನಕ್ಷೆಯನ್ನು ಪುಟ್ಟ ಪರದೆಯ ಮೇಲೆ ಬಿಡಿಸಿ ತೋರಿಸುವ, ಬೇಕಾದ ಪ್ರೋಗ್ರಾಂಗಳನ್ನು ಬರೆದಿಟ್ಟುಕೊಳ್ಳಲು ಬರುವ ಅಂಗೈಯಗಲದ ಯಂತ್ರಕ್ಕೆ ಗ್ರಾಫಿಂಗ್ ಕ್ಯಾಲ್ಕುಲೇಟರ್ ಎಂದು ಹೆಸರು. 1990ರ ದಶಕದಲ್ಲಿ ಅಮೆರಿಕ ಮತ್ತು ಯುರೋಪಿನ ಅನೇಕ ವಿದ್ಯಾರ್ಥಿಗಳು ಈ ಯಂತ್ರವನ್ನು ಕಂಪ್ಯೂಟರಿಗೆ ಜೋಡಿಸುವ ಕೇಬಲ್ಲನ್ನು ಅಂಗಡಿಯಿಂದ ಕೊಳ್ಳದೆ ಮನೆಯಲ್ಲೇ ಬೆಸುಗೆ ಹಾಕಿ ಮಾಡಿಕೊಂಡರು; ಹಾಗೆ ಮಾಡಿದ ಕೇಬಲ್ ಮೊದಲ ಸಲಕ್ಕೇ ಕೆಲಸ ಮಾಡುವುದು ಅಪರೂಪವಾದ್ದರಿಂದ, ತಪ್ಪು ಎಲ್ಲಿದೆಯೆಂದು ಕ್ರಮವಾಗಿ ಹುಡುಕುವ ವಿದ್ಯೆಯೊಂದು ಅದರ ಜೊತೆಜೊತೆಗೇ ಬೆಳೆಯಿತು. ಕಂಪ್ಯೂಟರಿನ ಇತಿಹಾಸ ಬರೆದವರು ಈ ವಿದ್ಯೆಯನ್ನು ಹುಡುಗರ ಹವ್ಯಾಸವೆಂದು ಬದಿಗಿಟ್ಟಿದ್ದಾರೆ. ಅದು ಸರಿಯಲ್ಲ. ಮನೆಯಲ್ಲಿ ಮಾಡಿದ ಕೇಬಲ್ಲಿನ ದೋಷ ಮೊದಮೊದಲು ಬೆಸುಗೆಯಲ್ಲಿತ್ತು, ಆಮೇಲೆ ವೋಲ್ಟೇಜಿನಲ್ಲಿ, ಕೊನೆಗೆ ಕಂಪ್ಯೂಟರಿನ ಕಾರ್ಯಾಚರಣ ವ್ಯವಸ್ಥೆಯಲ್ಲಿ ಕಾಣಿಸಿಕೊಂಡಿತು. ಸಾಮಾನ್ಯ ಬಳಕೆದಾರನ ಕೈಗೆ ಕಂಪ್ಯೂಟರ್ ಹೇಗೆ ಹಂತಹಂತವಾಗಿ ಎಟುಕದೆ ಹೋಯಿತೆಂಬುದು ಈ ಪಲ್ಲಟದಲ್ಲಿ ದಾಖಲಾಗಿದೆ.

ಜಗತ್ತಿನ ಮೊದಲ ಗ್ರಾಫಿಂಗ್ ಕ್ಯಾಲ್ಕುಲೇಟರನ್ನು 1985ರಲ್ಲಿ ಜಪಾನಿನ ಕ್ಯಾಸಿಯೊ ಕಂಪನಿ ಎಫ್‌ಎಕ್ಸ್-7000ಜಿ ಎಂಬ ಹೆಸರಿನಲ್ಲಿ ಹೊರತಂದಿತು. ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯು 1990ರಲ್ಲಿ ಟಿಐ-81 ಎಂಬ ಮಾದರಿಯೊಂದಿಗೆ ಈ ಮಾರುಕಟ್ಟೆಗೆ ಇಳಿಯಿತಾದರೂ ಆ ಯಂತ್ರಕ್ಕೆ ಹೊರಜಗತ್ತಿನೊಂದಿಗೆ ಸಂಪರ್ಕವೇ ಇರಲಿಲ್ಲ; ಬರೆದ ಪ್ರೋಗ್ರಾಂ ಅದರ ನೆನಪಿನಲ್ಲೇ ಹುಟ್ಟಿ, ಬ್ಯಾಟರಿ ಮುಗಿದಾಗ ಅಲ್ಲೇ ಅಳಿಸಿಹೋಗುತ್ತಿತ್ತು. 1992ರ ಟಿಐ-85 ಮಾದರಿಯಲ್ಲಿ 2.5 ಮಿಲಿಮೀಟರ್ ಅಳತೆಯ ಸಣ್ಣದೊಂದು ಸ್ಟೀರಿಯೊ ಜಾಕ್, ಅಂದರೆ ಇಯರ್‌ಫೋನ್ ಸಿಕ್ಕಿಸುವಂಥ ರಂಧ್ರ, ಮೊದಲ ಬಾರಿಗೆ ಸೇರಿತು. ಅದರ ಮುಖ್ಯ ಉದ್ದೇಶ ಎರಡು ಕ್ಯಾಲ್ಕುಲೇಟರುಗಳ ನಡುವೆ ಪ್ರೋಗ್ರಾಂಗಳನ್ನು ವರ್ಗಾಯಿಸುವುದಾಗಿತ್ತು, ಅದಕ್ಕೆ ಬೇಕಾದ ಗಿಡ್ಡ ಕೇಬಲ್ಲನ್ನು ಪೆಟ್ಟಿಗೆಯೊಳಗೇ ಇಟ್ಟು ಕೊಡುತ್ತಿದ್ದರು. ಕಂಪ್ಯೂಟರಿಗೆ ಜೋಡಿಸಬೇಕಾದರೆ ಗ್ರಾಫ್ ಲಿಂಕ್ ಎಂಬ ಬೇರೆ ಕೇಬಲ್ಲನ್ನು ಹಣ ಕೊಟ್ಟು ಕೊಳ್ಳಬೇಕಿತ್ತು.

ಬೇಡಿಕೆ ಬೆಳೆದದ್ದು ಶಾಲೆಗಳಿಂದ. ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಬರ್ಟ್ ವೇಟ್ಸ್ ಮತ್ತು ಫ್ರಾಂಕ್ ಡೆಮಾನ ಎಂಬ ಗಣಿತದ ಪ್ರಾಧ್ಯಾಪಕರು 1980ರ ದಶಕದ ಕೊನೆಯಿಂದಲೇ ತರಗತಿಯಲ್ಲಿ ಈ ಯಂತ್ರಗಳ ಬಳಕೆಗಾಗಿ ಶಿಕ್ಷಕರಿಗೆ ತರಬೇತಿ ಕೊಡುತ್ತ ಬಂದಿದ್ದರು. 1995ರಿಂದ ಅಮೆರಿಕದ ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್ ಕಲನಶಾಸ್ತ್ರದ ಪರೀಕ್ಷೆಗೆ, ಎಂದರೆ ಪ್ರೌಢಶಾಲೆಯಲ್ಲಿದ್ದಾಗಲೇ ಕಾಲೇಜು ಮಟ್ಟದ ಗಣಿತ ಬರೆಯುವ ಪರೀಕ್ಷೆಗೆ, ಗ್ರಾಫಿಂಗ್ ಕ್ಯಾಲ್ಕುಲೇಟರ್ ಕಡ್ಡಾಯವಾಯಿತು. ಹೀಗೆ ಪಠ್ಯಪುಸ್ತಕದಷ್ಟೇ ಸಹಜವಾಗಿ ಸಣ್ಣ ಕಂಪ್ಯೂಟರೊಂದು ಹದಿಹರೆಯದವರ ಚೀಲ ಸೇರಿತು. ಟಿಐ-85ರ ಒಳಗಿದ್ದುದು ಝಡ್-80 ಎಂಬ ಮೈಕ್ರೊಪ್ರೊಸೆಸರ್, ಸುಮಾರು 28 ಕಿಲೊಬೈಟ್ ನೆನಪು. ಅದರ ಯಂತ್ರಭಾಷೆಯಲ್ಲಿ ನೇರವಾಗಿ ಪ್ರೋಗ್ರಾಂ ಬರೆಯಲು ಕಂಪನಿ ಅವಕಾಶ ಕೊಟ್ಟಿರಲಿಲ್ಲ. ಆದರೆ 1994ರ ಸುಮಾರಿಗೆ ಹವ್ಯಾಸಿಗಳು ಕ್ಯಾಲ್ಕುಲೇಟರಿನ ಇಡೀ ನೆನಪಿನ ಪ್ರತಿಯನ್ನು ಕಂಪ್ಯೂಟರಿನಲ್ಲಿ ತಿದ್ದಿ, ಮತ್ತೆ ಅದಕ್ಕೇ ಕಳುಹಿಸುವ ಮೂಲಕ ಝಡ್‌ಶೆಲ್ ಎಂಬ ಪ್ರೋಗ್ರಾಮನ್ನು ಒಳಸೇರಿಸಿ, ಯಂತ್ರಭಾಷೆಯ ಬಾಗಿಲನ್ನು ತೆರೆದರು. ಆ ತಿದ್ದಿದ ಪ್ರತಿ ಕಂಪ್ಯೂಟರಿನಿಂದ ಕ್ಯಾಲ್ಕುಲೇಟರಿಗೆ ಹೋಗಲು ಕೇಬಲ್ ಇಲ್ಲದೆ ದಾರಿಯಿರಲಿಲ್ಲ. ಆಟಗಳಿಗಾಗಿ, ಬರೆದ ಪ್ರೋಗ್ರಾಂಗಳನ್ನು ಕಾಪಿಟ್ಟುಕೊಳ್ಳುವುದಕ್ಕಾಗಿ, ಪರೀಕ್ಷೆಗೆ ಮುನ್ನ ನೆನಪನ್ನೆಲ್ಲ ಅಳಿಸಿದರೆ ಮತ್ತೆ ತುಂಬಿಕೊಳ್ಳುವುದಕ್ಕಾಗಿ, ಎಲ್ಲಕ್ಕೂ ಕೇಬಲ್ ಬೇಕಾಯಿತು. ವಿದ್ಯಾರ್ಥಿಯ ಕೈಖರ್ಚಿಗೆ ಕಂಪನಿಯ ಕೇಬಲ್ ಭಾರವಾಗಿತ್ತು, ಬಿಡಿಭಾಗಗಳು ಮಾತ್ರ ಕೆಲವೇ ಡಾಲರುಗಳಿಗೆ ಸಿಗುತ್ತಿದ್ದವು.

ಆದರೂ ಅಗ್ಗವೆಂಬ ಒಂದೇ ಕಾರಣಕ್ಕೆ ಈ ಕೇಬಲ್ ಮನೆಯಲ್ಲಿ ತಯಾರಾಗಲಿಲ್ಲ. ಕ್ಯಾಲ್ಕುಲೇಟರ್ ಮಾತನಾಡುವ ವಿಧಾನವೇ ಅದನ್ನು ಸಾಧ್ಯವಾಗಿಸಿತು, ಮತ್ತು ಆ ವಿಧಾನದ ವಿವರವಿಲ್ಲದೆ ದೋಷಗಳ ವಿವರ ಅರ್ಥವಾಗುವುದಿಲ್ಲ.

ಜಾಕಿನಲ್ಲಿ ಮೂರು ಸಂಪರ್ಕಗಳಿವೆ: ಕೇಬಲ್ಲನ್ನು ಸೀಳಿ ನೋಡಿದರೆ ಕೆಂಪು ತಂತಿಯೊಂದು, ಬಿಳಿ ತಂತಿಯೊಂದು, ಇವೆರಡಕ್ಕೂ ಸಮಾನವಾದ ಗ್ರೌಂಡ್ ಆಗಿ ಬರಿಯ ತಾಮ್ರದ ಎಳೆಗಳು. ಯಾರೂ ಮಾತನಾಡದಿರುವಾಗ ಕೆಂಪು, ಬಿಳಿ ಎರಡೂ ತಂತಿಗಳು ಕ್ಯಾಲ್ಕುಲೇಟರಿನೊಳಗಿನ ರೆಸಿಸ್ಟರುಗಳ ಮೂಲಕ 5 ವೋಲ್ಟಿನ ಆಸುಪಾಸಿನ ಎತ್ತರದ ಸ್ಥಿತಿಯಲ್ಲಿ ಇರುತ್ತವೆ. ಕಂಪ್ಯೂಟರುಗಳ ಲೆಕ್ಕದಲ್ಲಿ ಮಾಹಿತಿಯ ಅತಿ ಚಿಕ್ಕ ಘಟಕವಾದ ಬಿಟ್ ಒಂದೋ ಸೊನ್ನೆ, ಇಲ್ಲವೇ ಒಂದು. ಕಳುಹಿಸುವ ಯಂತ್ರವು ಸೊನ್ನೆಗೆ ಒಂದು ತಂತಿಯನ್ನೂ ಒಂದಕ್ಕೆ ಇನ್ನೊಂದು ತಂತಿಯನ್ನೂ ಶೂನ್ಯ ವೋಲ್ಟಿಗೆ ಎಳೆಯುತ್ತದೆ; ಅದನ್ನು ಕಂಡ ಸ್ವೀಕರಿಸುವ ಯಂತ್ರವು ಉಳಿದ ತಂತಿಯನ್ನು ತಾನು ಕೆಳಗೆಳೆದು ಒಪ್ಪಿಗೆ ಸೂಚಿಸುತ್ತದೆ; ಒಪ್ಪಿಗೆ ಕಂಡ ಮೇಲೆ ಕಳುಹಿಸುವ ಯಂತ್ರ ತನ್ನ ತಂತಿಯನ್ನು ಬಿಡುತ್ತದೆ, ಅದನ್ನು ನೋಡಿ ಸ್ವೀಕರಿಸುವ ಯಂತ್ರವೂ ಬಿಡುತ್ತದೆ, ಎರಡೂ ತಂತಿಗಳು ಮತ್ತೆ ಮೇಲೇರಿದ ನಂತರವೇ ಮುಂದಿನ ಬಿಟ್ಟಿನ ಸರದಿ. ಬಾವಿ ತೋಡುವಲ್ಲಿ ಮಣ್ಣಿನ ಬುಟ್ಟಿಯನ್ನು ಕೈಯಿಂದ ಕೈಗೆ ದಾಟಿಸುವವರಂತೆ, ಇತ್ತ ಕಡೆಯವನು ಹಿಡಿದುಕೊಳ್ಳುವವರೆಗೆ ಅತ್ತ ಕಡೆಯವನು ಕೈ ಬಿಡುವುದಿಲ್ಲ.

ಇಲ್ಲಿ ಗಡಿಯಾರವಿಲ್ಲ ಎಂಬುದು ಗಮನಾರ್ಹ. ಅದೇ ಕಾಲದ ಹ್ಯೂಲೆಟ್-ಪ್ಯಾಕರ್ಡ್ ಕಂಪನಿಯ ಎಚ್‌ಪಿ-48ಎಸ್‌ಎಕ್ಸ್ ಕ್ಯಾಲ್ಕುಲೇಟರ್ ಸೆಕೆಂಡಿಗೆ ಇಷ್ಟು ಬಿಟ್ ಎಂಬ ಗೊತ್ತಾದ ವೇಗದಲ್ಲಿ, ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡಿದ್ದ ಕರ್ಮಿಟ್ ಎಂಬ ನಿಯಮಾವಳಿಯಂತೆ ಮಾಹಿತಿ ಕಳುಹಿಸುತ್ತಿತ್ತು. ಅಲ್ಲಿ ಎರಡೂ ಕಡೆಯ ವೇಗ ಹೊಂದಲೇಬೇಕು. ಟಿಐ ಯಂತ್ರಗಳ ವಿಧಾನದಲ್ಲಿ ವೇಗದ ಒಪ್ಪಂದವೇ ಇಲ್ಲದ್ದರಿಂದ ಎಷ್ಟು ನಿಧಾನದ ಕಂಪ್ಯೂಟರಾದರೂ, ಎಷ್ಟು ಒರಟಾಗಿ ಬರೆದ ಪ್ರೋಗ್ರಾಮಾದರೂ, ಕಾದುಕೊಳ್ಳುವ ಸಮಯದ ಮಿತಿ ಮೀರದಿದ್ದರೆ ಸಾಕು, ಕೆಲಸ ನಡೆಯುತ್ತಿತ್ತು. ದೋಷ ಹುಡುಕುವವನಿಗೆ ಇದಕ್ಕಿಂತ ದೊಡ್ಡ ಲಾಭವೊಂದಿತ್ತು. ಮಾತುಕತೆ ನಡುವೆ ನಿಂತುಹೋದರೆ ತಂತಿಗಳು ನಿಂತ ಸ್ಥಿತಿಯಲ್ಲೇ ಉಳಿಯುತ್ತಿದ್ದವು. ವೇಗದ ಸಂಕೇತಗಳನ್ನು ನೋಡಲು ಬೇಕಾಗುವ ಆಸಿಲೊಸ್ಕೋಪ್ ಎಂಬ ದುಬಾರಿ ಉಪಕರಣ ಇಲ್ಲಿ ಬೇಕಿರಲಿಲ್ಲ. ಮುಳ್ಳು ಮೆಲ್ಲಗೆ ಸರಿಯುವ ಸಾಧಾರಣ ಮಲ್ಟಿಮೀಟರಿನಿಂದಲೇ, ಕಂಪ್ಯೂಟರಿನಲ್ಲಿ ತಂತಿಗಳನ್ನು ಒಂದೊಂದಾಗಿ ಎಳೆದು ಬಿಡುವ ನಾಲ್ಕು ಸಾಲಿನ ಪ್ರೋಗ್ರಾಮಿನ ನೆರವಿನಿಂದ, ಇಡೀ ಸಂಭಾಷಣೆಯನ್ನು ಹೆಜ್ಜೆಹೆಜ್ಜೆಯಾಗಿ ಪರೀಕ್ಷಿಸಬಹುದಿತ್ತು.

ಮನೆಯ ಕೇಬಲ್ಲಿನ ಒಂದು ತುದಿ ಸಾಮಾನ್ಯವಾಗಿ ಕ್ಯಾಲ್ಕುಲೇಟರಿನೊಂದಿಗೆ ಬಂದ ಗಿಡ್ಡ ಕೇಬಲ್ಲನ್ನೇ ನಡುವೆ ಕತ್ತರಿಸಿದ್ದಾಗಿರುತ್ತಿತ್ತು. ಇನ್ನೊಂದು ತುದಿಗೆ ಎರಡು ಆಯ್ಕೆಗಳಿದ್ದವು. ಮೊದಲನೆಯದು ಪ್ರಿಂಟರ್ ಜೋಡಿಸುವ 25 ಪಿನ್ನಿನ ಪಾರಲಲ್ ಪೋರ್ಟ್. ಇದು 5 ವೋಲ್ಟಿನಲ್ಲೇ ಕೆಲಸ ಮಾಡುತ್ತಿತ್ತಾದ್ದರಿಂದ ಎರಡು ಡಯೋಡುಗಳು, ಅಂದರೆ ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗಗಳು, ಇದ್ದರೆ ಮುಗಿಯಿತು; ಕಂಪ್ಯೂಟರ್ ತಂತಿಯನ್ನು ಕೆಳಗೆಳೆಯಬಹುದು, ಆದರೆ ಮೇಲಕ್ಕೆ ತಳ್ಳಿ ಕ್ಯಾಲ್ಕುಲೇಟರಿನೊಡನೆ ಸೆಣಸಬಾರದು ಎಂಬುದಷ್ಟೇ ಅವುಗಳ ಕೆಲಸ. ಎರಡನೆಯದು ಮೋಡೆಮ್ ಅಥವಾ ಮೌಸ್ ಸಿಕ್ಕಿಸುವ 9 ಪಿನ್ನಿನ ಸೀರಿಯಲ್ ಪೋರ್ಟ್. ಇಲ್ಲಿ ಸೀರಿಯಲ್ ಪೋರ್ಟಿನ ಮಾಹಿತಿ ಸಾಗುವ ಪಿನ್ನುಗಳನ್ನು ಮುಟ್ಟದೆ, ಮೋಡೆಮ್ಮಿಗೆ ಸನ್ನೆ ಮಾಡಲೆಂದು ಇದ್ದ ನಾಲ್ಕು ಸಹಾಯಕ ಪಿನ್ನುಗಳನ್ನು ಬಳಸಿಕೊಂಡದ್ದು ಒಂದು ಅಪ್ಪಟ ಜಾಣತನ: ಎರಡು ಪಿನ್ನುಗಳಿಂದ ತಂತಿಗಳನ್ನು ಎಳೆಯುವುದು, ಇನ್ನೆರಡರಿಂದ ಅವುಗಳ ಸ್ಥಿತಿಯನ್ನು ಓದುವುದು. ಕಂಪನಿಯ ಮೊದಲ ಬೂದು ಬಣ್ಣದ ಗ್ರಾಫ್ ಲಿಂಕ್ ಕೇಬಲ್ಲಿನೊಳಗೆ ಭಾಷಾಂತರಕ್ಕೆಂದೇ ಒಂದು ಮೈಕ್ರೊಕಂಟ್ರೋಲರ್ ಇತ್ತು. ಅನಂತರ ಬಂದ ಕಪ್ಪು ಬಣ್ಣದ ಅಗ್ಗದ ಕೇಬಲ್ಲಿನಲ್ಲಿ ಅದನ್ನು ತೆಗೆದುಹಾಕಿ, ಇದೇ ಸಹಾಯಕ ಪಿನ್ನುಗಳ ಮಾರ್ಗವನ್ನು ಕಂಪನಿಯೂ ಹಿಡಿಯಿತು.

ದೋಷಗಳ ಮೊದಲ ಪೀಳಿಗೆ ಕೈಕೆಲಸಕ್ಕೆ ಸೇರಿದ್ದು. ಅತಿ ಸಾಮಾನ್ಯವಾದದ್ದು ರಿಪೇರಿಯವರು ಡ್ರೈ ಸೋಲ್ಡರ್ ಎಂದು ಕರೆಯುವ ಹುಸಿ ಬೆಸುಗೆ: ಸೀಸ ಕರಗಿ ಪಿನ್ನಿನ ಮೇಲೆ ಕುಳಿತಂತೆ ಕಂಡರೂ ಲೋಹಕ್ಕೆ ಲೋಹ ಹತ್ತಿರುವುದಿಲ್ಲ, ಕೇಬಲ್ಲನ್ನು ಒಂದು ಕಡೆಗೆ ಬಾಗಿಸಿದಾಗ ಮಾತ್ರ ಸಂಪರ್ಕ ಸಿಗುತ್ತದೆ. ಇನ್ನೊಂದು, 25 ಪಿನ್ನಿನ ಪ್ಲಗ್ಗನ್ನು ಬೆಸುಗೆ ಹಾಕುವ ಹಿಂಬದಿಯಿಂದ ನೋಡಿದಾಗ ಪಿನ್ನುಗಳ ಸಂಖ್ಯೆ ಎಡಬಲವಾಗುತ್ತದೆಂಬುದನ್ನು ಮರೆತು, ಮುಂಬದಿಯ ಚಿತ್ರವನ್ನು ನೋಡುತ್ತ ತಪ್ಪು ತುದಿಯಿಂದ ಎಣಿಸಿಬಿಡುವುದು. ಡಯೋಡಿನ ಒಂದು ತುದಿಯಲ್ಲಿರುವ ಪಟ್ಟೆಯನ್ನು ಗಮನಿಸದೆ ತಿರುವಿ ಹಾಕುವುದೂ ಸಾಮಾನ್ಯವಾಗಿತ್ತು. ಇನ್ನು ಜಾಕಿನ ವಿಷಯ: ಪ್ಲಗ್ಗನ್ನು ಕ್ಯಾಲ್ಕುಲೇಟರಿಗೆ ಬಲವಾಗಿ ಒತ್ತಿ ಪೂರ್ತಿ ಕೂರಿಸದಿದ್ದರೆ ಅದರ ತುದಿ ಒಳಗಿನ ಎಲೆಸ್ಪ್ರಿಂಗನ್ನು ಮುಟ್ಟದು, ಕಂಪನಿಯ ಕೇಬಲ್ಲಿಗೂ ಇದೇ ದೂರು ಇತ್ತು.

ಈ ಪೀಳಿಗೆಯ ದೋಷಗಳನ್ನು ಪತ್ತೆ ಮಾಡುವ ಕ್ರಮ ಸ್ಪಷ್ಟವಾಗಿತ್ತು. ಕೇಬಲ್ಲನ್ನು ಕಂಪ್ಯೂಟರಿಗೆ ಸಿಕ್ಕಿಸದೆ, ಚಾಲೂ ಮಾಡಿದ ಕ್ಯಾಲ್ಕುಲೇಟರಿಗೆ ಮಾತ್ರ ಸಿಕ್ಕಿಸಿ, ಗ್ರೌಂಡಿಗೂ ಪ್ರತಿ ತಂತಿಗೂ ನಡುವೆ ವೋಲ್ಟೇಜ್ ನೋಡಿದರೆ ಎರಡೂ ಕಡೆ 5 ವೋಲ್ಟಿನ ಆಸುಪಾಸು ಇರಬೇಕು. ಒಂದರಲ್ಲಿ ಸೊನ್ನೆ ಬಂದರೆ ಆ ತಂತಿ ತುಂಡಾಗಿದೆ, ಇಲ್ಲವೇ ಗ್ರೌಂಡಿಗೆ ತಗುಲಿ ಶಾರ್ಟ್ ಆಗಿದೆ.

ಈ ಪರೀಕ್ಷೆಯಲ್ಲಿ ಗೆದ್ದೂ ಕೆಲಸ ಮಾಡದ ಕೇಬಲ್ಲುಗಳಲ್ಲಿ ಕೆಂಪು-ಬಿಳಿ ತಂತಿಗಳು ಅದಲುಬದಲಾದ ಪ್ರಕರಣ ಹೆಚ್ಚು ಕುತೂಹಲಕರವಾದದ್ದು. ಪ್ರತಿ ಬಿಟ್ಟಿಗೂ ಎರಡೂ ತಂತಿಗಳು ಬೇಕಾದ್ದರಿಂದ, ಒಂದು ತಂತಿ ತುಂಡಾದರೆ ಮೊದಲ ಬಿಟ್ಟಿನಲ್ಲೇ ಸಂಭಾಷಣೆ ಸ್ತಬ್ಧವಾಗುತ್ತದೆ. ಅದಲುಬದಲಾದರೆ ಹಾಗಾಗುವುದಿಲ್ಲ. ಕಳುಹಿಸಿದ ಸೊನ್ನೆ ಅತ್ತ ಒಂದಾಗಿ ಕಾಣುತ್ತದೆ, ಅತ್ತಲಿನ ಒಪ್ಪಿಗೆಯೂ ಅದಲುಬದಲಾಗಿಯೇ ಬರುವುದರಿಂದ ಇತ್ತ ಸರಿಯಾದ ಒಪ್ಪಿಗೆಯಾಗಿಯೇ ತಲುಪುತ್ತದೆ, ವಿನಿಮಯ ನಿರಾತಂಕವಾಗಿ ಮುಗಿಯುತ್ತದೆ. ಆದರೆ ಪ್ರತಿ ಬೈಟ್, ಅಂದರೆ ಎಂಟು ಬಿಟ್ಟುಗಳ ಗುಂಪು, ತಲೆಕೆಳಗಾಗಿರುತ್ತದೆ. ಈ ವ್ಯವಸ್ಥೆಯಲ್ಲಿ ಪ್ರತಿ ಸಂದೇಶದ ಮೊದಲ ಬೈಟ್ ಕಳುಹಿಸುತ್ತಿರುವುದು ಯಾವ ಯಂತ್ರವೆಂಬುದರ ಗುರುತು, ಎರಡನೆಯದು ಆಜ್ಞೆ, ಆಮೇಲೆ ಉದ್ದ, ಮಾಹಿತಿ, ಮತ್ತು ಕೊನೆಯಲ್ಲಿ ಮಾಹಿತಿಯ ಬೈಟುಗಳನ್ನೆಲ್ಲ ಕೂಡಿ ಬರೆದ ತಾಳೆಯ ಮೊತ್ತ. ಟಿಐ-85ರೊಡನೆ ಮಾತನಾಡುವ ಕಂಪ್ಯೂಟರಿನ ಗುರುತು 5, ಅಂದರೆ 00000101; ಅದಲುಬದಲಾದ ಕೇಬಲ್ಲಿನಲ್ಲಿ ಅದು 11111010 ಆಗಿ ತಲುಪಿದಾಗ ಅಂಥ ಯಂತ್ರದ ಪರಿಚಯವೇ ಇಲ್ಲದ ಕ್ಯಾಲ್ಕುಲೇಟರ್ ಸಂದೇಶವನ್ನು ತಳ್ಳಿಹಾಕುತ್ತದೆ. ಕಂಪ್ಯೂಟರಿನ ಎಳೆಯುವ ಪಿನ್ನುಗಳು ಮಾತ್ರ ಅದಲುಬದಲಾಗಿ ಓದುವ ಪಿನ್ನುಗಳು ಸರಿಯಿದ್ದರೆ ಇನ್ನೂ ವಿಚಿತ್ರ: ಕಂಪ್ಯೂಟರ್ ತಾನೇ ಕೆಳಗೆಳೆದ ತಂತಿಯನ್ನು ಓದಿ, ಅದನ್ನೇ ಎದುರಿನ ಯಂತ್ರದ ಒಪ್ಪಿಗೆಯೆಂದು ಭಾವಿಸಿ, ಕ್ಯಾಲ್ಕುಲೇಟರಿಗಾಗಿ ಕಾಯದೆ ಮುಂದೋಡುತ್ತದೆ. ಕಳುಹಿಸಿದ್ದಾಯಿತೆಂದು ಕಂಪ್ಯೂಟರ್ ಹೇಳುತ್ತದೆ. ಕ್ಯಾಲ್ಕುಲೇಟರಿನ ಪರದೆಯಲ್ಲಿ ಕಾಯುತ್ತಿದೆಯೆಂಬ ಸೂಚನೆ ಹಾಗೆಯೇ ನಿಂತಿರುತ್ತದೆ. ಮೌನದ ಬಗೆಯನ್ನು ನೋಡಿ ತಪ್ಪಿನ ಜಾಗ ಹೇಳುವ ಈ ತರ್ಕವನ್ನು ಹದಿನಾರು ಹದಿನೇಳರ ಹುಡುಗ ಹುಡುಗಿಯರು ಯಾವ ಪಠ್ಯಕ್ರಮದ ನೆರವೂ ಇಲ್ಲದೆ ಕಲಿತರೆಂಬುದು ಮೆಚ್ಚತಕ್ಕ ಸಂಗತಿ.

ಎರಡನೆಯ ಪೀಳಿಗೆಯ ದೋಷಗಳು ವೋಲ್ಟೇಜಿಗೆ ಸಂಬಂಧಿಸಿದವು. ಸೀರಿಯಲ್ ಪೋರ್ಟಿನ ಆರ್‌ಎಸ್-232 ಎಂಬ ಮಾನದಂಡ 1960ರಲ್ಲಿ ಟೆಲಿಪ್ರಿಂಟರ್ ಮತ್ತು ಮೋಡೆಮ್‌ಗಳ ಕಾಲದಲ್ಲಿ ರೂಪುಗೊಂಡದ್ದು. ಅದರಲ್ಲಿ 3ರಿಂದ 15 ವೋಲ್ಟಿನವರೆಗಿನ ಧನ ಮತ್ತು ಋಣ ವೋಲ್ಟೇಜುಗಳಿಗೆ ಮಾತ್ರ ಅರ್ಥವಿದೆ, ನಡುವಿನದಕ್ಕೆ ಇಲ್ಲ. ಮೇಜಿನ ಮೇಲಿನ ಕಂಪ್ಯೂಟರುಗಳು ಸುಮಾರು 12 ವೋಲ್ಟ್ ಹೊರಡಿಸುತ್ತಿದ್ದುದರಿಂದ, ಡಯೋಡ್ ಮತ್ತು ರೆಸಿಸ್ಟರುಗಳ ಕಾವಲಿಲ್ಲದೆ ನೇರವಾಗಿ ಜೋಡಿಸಿದರೆ 5 ವೋಲ್ಟಿನ ಕ್ಯಾಲ್ಕುಲೇಟರಿಗೆ ಅಪಾಯವಿತ್ತು. ವಿರುದ್ಧ ದಿಕ್ಕಿನಲ್ಲಿ ಇನ್ನೊಂದು ತೊಡಕು: ಕ್ಯಾಲ್ಕುಲೇಟರ್ ಕೊಡುವುದು ಸೊನ್ನೆ ಅಥವಾ 5 ವೋಲ್ಟ್, ಋಣ ವೋಲ್ಟೇಜ್ ಅದರ ಬಳಿ ಇಲ್ಲ. ಮಾನದಂಡದ ಅಕ್ಷರಕ್ಕೆ ಅಂಟಿಕೊಂಡರೆ ಸೊನ್ನೆ ವೋಲ್ಟನ್ನು ಕಂಪ್ಯೂಟರ್ ಓದಲೇಬಾರದು. ಆದರೆ ಆ ಕಾಲದ ಕಂಪ್ಯೂಟರುಗಳಲ್ಲಿ ಬಳಕೆಯಲ್ಲಿದ್ದ 1489 ಎಂಬ ಬಗೆಯ ಸ್ವೀಕಾರ ಚಿಪ್ಪುಗಳು ಒಂದರಿಂದ ಒಂದೂವರೆ ವೋಲ್ಟಿನ ಸುತ್ತಲೇ ತೀರ್ಮಾನಕ್ಕೆ ಬರುತ್ತಿದ್ದುದರಿಂದ ಮನೆಯ ಕೇಬಲ್ ಬದುಕಿತು. ಮಾನದಂಡ ಕೊಟ್ಟ ಹಕ್ಕಿನಿಂದಲ್ಲ, ಚಿಪ್ಪು ತಯಾರಿಸಿದವರು ತೋರಿದ ಔದಾರ್ಯದಿಂದ ಅದು ನಡೆಯುತ್ತಿತ್ತು. ಒಬ್ಬನ ಮನೆಯಲ್ಲಿ ನಡೆದ ಕೇಬಲ್ ಬೇರೊಬ್ಬನ ಕಂಪ್ಯೂಟರಿನಲ್ಲಿ ನಡೆಯದಿರಲು, ವಿಶೇಷವಾಗಿ ಕಡಿಮೆ ವೋಲ್ಟೇಜಿನ ಲ್ಯಾಪ್‌ಟಾಪುಗಳಲ್ಲಿ ಸೋಲಲು, ಇದೇ ಕಾರಣ.

ಪಾರಲಲ್ ಪೋರ್ಟಿನ ಕೇಬಲ್ಲಿನಲ್ಲಿ ಇಂಥದೇ ಸೂಕ್ಷ್ಮವೊಂದು ಡಯೋಡಿನಲ್ಲಿತ್ತು. ಸಾಮಾನ್ಯ ಸಿಲಿಕಾನ್ ಡಯೋಡ್ ತನ್ನ ಮೇಲೆ ಸುಮಾರು 0.6 ವೋಲ್ಟನ್ನು ಉಳಿಸಿಕೊಳ್ಳುವುದರಿಂದ ಕಂಪ್ಯೂಟರ್ ಎಷ್ಟೇ ಎಳೆದರೂ ತಂತಿ ಪೂರ್ತಿ ಸೊನ್ನೆಗೆ ಇಳಿಯುವುದಿಲ್ಲ. ಎಲ್ಲ ಸರಿಯಿದ್ದೂ ಆಗಾಗ ಒಂದೊಂದು ಬಿಟ್ ತಪ್ಪಿ ತಾಳೆಯ ಮೊತ್ತ ಹೊಂದದಿದ್ದರೆ, ಇದರ ಮೂರನೆಯ ಒಂದು ಭಾಗದಷ್ಟೇ ಉಳಿಸಿಕೊಳ್ಳುವ ಜರ್ಮೇನಿಯಂ ಅಥವಾ ಶಾಟ್ಕಿ ಡಯೋಡನ್ನು ಹಾಕಿ ನೋಡುವುದು ಪರಿಹಾರವಾಗಿತ್ತು.

1990ರ ದಶಕದ ಕೊನೆಗೆ ಬರುವಷ್ಟರಲ್ಲಿ ದೋಷವು ಕೇಬಲ್ಲನ್ನೇ ಬಿಟ್ಟು ಹೊರಟಿತು. ಕಂಪ್ಯೂಟರಿನ ಬಯಾಸಿನಲ್ಲಿ, ಅಂದರೆ ಚಾಲೂ ಆದಾಗ ಮೊದಲು ಓಡುವ ಮೂಲ ಪ್ರೋಗ್ರಾಮಿನಲ್ಲಿ, ಪಾರಲಲ್ ಪೋರ್ಟಿಗೆ ಇಪಿಪಿ, ಇಸಿಪಿ ಎಂಬ ಹೊಸ ವಿಧಾನಗಳು ಬಂದವು. ಕೇಬಲ್ ನಡೆಯದಿದ್ದರೆ ಹಳೆಯ ವಿಧಾನಕ್ಕೆ ಬದಲಿಸಿ ನೋಡುವುದು ಪರೀಕ್ಷೆಯ ಒಂದು ಹೆಜ್ಜೆಯಾಯಿತು. ಕಾಯುವ ಅವಧಿಯನ್ನು ಗಡಿಯಾರದಿಂದಲ್ಲದೆ ಪುನರಾವರ್ತನೆಗಳ ಎಣಿಕೆಯಿಂದ ಅಳೆಯುತ್ತಿದ್ದ ಹಳೆಯ ಪ್ರೋಗ್ರಾಂಗಳು, ವೇಗ ಹೆಚ್ಚಿದ ಪೆಂಟಿಯಂ ಯಂತ್ರಗಳಲ್ಲಿ ಕ್ಯಾಲ್ಕುಲೇಟರ್ ಉತ್ತರಿಸುವ ಮೊದಲೇ ತಾಳ್ಮೆಗೆಟ್ಟು ಕೈಬಿಡತೊಡಗಿದವು.

ಇವೆಲ್ಲಕ್ಕಿಂತ ದೊಡ್ಡ ತಿರುವು ಕಾರ್ಯಾಚರಣ ವ್ಯವಸ್ಥೆಯಿಂದ ಬಂತು. ಡಾಸ್ ಮತ್ತು ವಿಂಡೋಸ್ 95ರಲ್ಲಿ ಯಾವ ಪ್ರೋಗ್ರಾಮಾದರೂ ಪೋರ್ಟಿನ ವಿಳಾಸಕ್ಕೆ ನೇರವಾಗಿ ಬರೆಯಬಹುದಿತ್ತು. ಮೊದಲ ಪಾರಲಲ್ ಪೋರ್ಟಿನ ವಿಳಾಸ ಹದಿನಾರರ ಆಧಾರದ ಸಂಖ್ಯೆಯಲ್ಲಿ 378 ಎಂಬುದು ಕೇಬಲ್ ಮಾಡುವವರಿಗೆಲ್ಲ ಬಾಯಿಪಾಠವಾಗಿತ್ತು. ವಿಂಡೋಸ್ ಎನ್‌ಟಿ, ವಿಂಡೋಸ್ 2000, ಮತ್ತು 2001ರಲ್ಲಿ ಮನೆಮನೆಗೂ ಬಂದ ವಿಂಡೋಸ್ ಎಕ್ಸ್‌ಪಿ ಈ ಸ್ವಾತಂತ್ರ್ಯವನ್ನು ಹಿಂತೆಗೆದುಕೊಂಡವು. ನೇರವಾಗಿ ಪೋರ್ಟ್ ಮುಟ್ಟಲು ಹೋದ ಪ್ರೋಗ್ರಾಮನ್ನು ವ್ಯವಸ್ಥೆಯೇ ನಿಲ್ಲಿಸಿಬಿಡುತ್ತಿತ್ತು. ಒಂದು ಪ್ರೋಗ್ರಾಂ ಕೆಟ್ಟರೆ ಇಡೀ ಯಂತ್ರ ಕೆಡಬಾರದೆಂಬ ಉದ್ದೇಶ ಸಮರ್ಥನೀಯವೇ. ಆದರೂ ನಿನ್ನೆಯವರೆಗೆ ನಡೆಯುತ್ತಿದ್ದ ಕೇಬಲ್ ಇಂದು, ಒಂದು ಬೆಸುಗೆಯೂ ಬಿಡದೆ, ನಿರ್ಜೀವವಾದಾಗ ಮಲ್ಟಿಮೀಟರ್ ಹಿಡಿದವನಿಗೆ ಅದು ಏನನ್ನೂ ಹೇಳುತ್ತಿರಲಿಲ್ಲ. ಪೋರ್ಟಿಗೆ ದಾರಿ ಬಿಡಿಸುವ ಚಿಕ್ಕ ಡ್ರೈವರುಗಳನ್ನು ಹವ್ಯಾಸಿಗಳು ಬರೆದರು; ಲಿನಕ್ಸ್ ಬಳಸುವವರು ನಿರ್ವಾಹಕನ ಅನುಮತಿಯೊಂದಿಗೆ ಅದೇ ಕೆಲಸ ಮಾಡಿಕೊಂಡರು. ಮೂಲಸಂಕೇತವನ್ನು ಬಹಿರಂಗವಾಗಿ ಹಂಚಿದ ಟಿಲ್‌ಪಿ ಎಂಬ ಪ್ರೋಗ್ರಾಮಿನಲ್ಲಿ ಕೇಬಲ್ಲಿನ ಬಗೆ, ಪೋರ್ಟ್, ಸಂಕೇತಗಳ ನಡುವಿನ ವಿಳಂಬ, ಕಾಯುವ ಅವಧಿ ಎಲ್ಲವನ್ನೂ ಬಳಕೆದಾರನೇ ಹೊಂದಿಸಬಹುದಿತ್ತು, ಮನೆಯ ಕೇಬಲ್ಲುಗಳಿಗೆ ಅದರಲ್ಲಿ ಸಮಾನ ಸ್ಥಾನವಿತ್ತು.

ಈ ಕ್ಯಾಲ್ಕುಲೇಟರುಗಳ ಕಂಪನಿಗೂ ಕರ್ನಾಟಕಕ್ಕೂ ಹಳೆಯ ನಂಟಿದೆ: ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲೇ ಬೆಂಗಳೂರಿನಲ್ಲಿ ಸಂಶೋಧನಾ ಕೇಂದ್ರ ತೆರೆದು, ಉಪಗ್ರಹ ಸಂಪರ್ಕದ ಮೂಲಕ ಅಮೆರಿಕಕ್ಕೆ ಮಾಹಿತಿ ಕಳುಹಿಸುವ ವ್ಯವಸ್ಥೆ ಮಾಡಿಕೊಂಡು, ನಗರದ ತಂತ್ರಜ್ಞಾನದ ಅಧ್ಯಾಯಕ್ಕೆ ನಾಂದಿ ಹಾಡಿತು. ಆದರೆ ರಾಜ್ಯದ ಪಿಯುಸಿ ತರಗತಿಗಳಿಗೆ ಗ್ರಾಫಿಂಗ್ ಕ್ಯಾಲ್ಕುಲೇಟರ್ ಕಾಲಿಡಲಿಲ್ಲ. ಲಾಗ್ ಪುಸ್ತಕವೇ ಅಲ್ಲಿ ಸಾಕಾಗಿತ್ತು. ಪ್ರಿಂಟರ್ ಪೋರ್ಟಿಗೆ ಬೆಸುಗೆ ಹಾಕುವ ವಿದ್ಯೆ ಮಾತ್ರ ಬೇರೆ ವೇಷದಲ್ಲಿ ಬಂದಿತ್ತು: ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಕೊಂಡ ಬಿಡಿಭಾಗಗಳಿಂದ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಅದೇ ಪೋರ್ಟಿನಿಂದ ರಿಲೇ ಮತ್ತು ಸ್ಟೆಪ್ಪರ್ ಮೋಟಾರುಗಳನ್ನು ನಡೆಸುವ ಪ್ರಾಜೆಕ್ಟುಗಳನ್ನು ಮಾಡುತ್ತಿದ್ದರು, ಎಕ್ಸ್‌ಪಿ ಬಂದಾಗ ಅವರೂ ಅದೇ ಗೋಡೆಗೆ ಮುಟ್ಟಿದರು.

2004ರಲ್ಲಿ ಬಂದ ಟಿಐ-84 ಪ್ಲಸ್ ಮಾದರಿಯಲ್ಲಿ ಯುಎಸ್‌ಬಿ ಸಂಪರ್ಕವೇ ಇದ್ದುದರಿಂದ ಮನೆಯ ಕೇಬಲ್ಲಿನ ಅಗತ್ಯ ಕುಗ್ಗಿತು; ಇತ್ತ ಲ್ಯಾಪ್‌ಟಾಪುಗಳಿಂದ ಸೀರಿಯಲ್, ಪಾರಲಲ್ ಪೋರ್ಟುಗಳೂ ಮರೆಯಾದವು. ಹಳೆಯ ಕೇಬಲ್ಲನ್ನು ಯುಎಸ್‌ಬಿ-ಸೀರಿಯಲ್ ಪರಿವರ್ತಕಕ್ಕೆ ಸಿಕ್ಕಿಸಿ ಪ್ರಯತ್ನಿಸಿದವರಿಗೆ ನಿರಾಶೆ ಕಾದಿತ್ತು. ಪ್ರೋಗ್ರಾಂ ಹುಡುಕುವ ಪೋರ್ಟಿನ ವಿಳಾಸ ಪರಿವರ್ತಕಕ್ಕೆ ಇಲ್ಲ. ವಿಳಾಸದ ತೊಡಕನ್ನು ದಾಟಿದರೂ ಯುಎಸ್‌ಬಿ ತನ್ನ ವ್ಯವಹಾರವನ್ನು ಒಂದು ಮಿಲಿಸೆಕೆಂಡಿನ ಕಂತುಗಳಲ್ಲಿ ನಡೆಸುವುದರಿಂದ, ಪ್ರತಿ ಬಿಟ್ಟಿಗೆ ನಾಲ್ಕು ಹೆಜ್ಜೆ ಬೇಡುವ ಈ ವಿಧಾನದಲ್ಲಿ ಒಂದೇ ಬೈಟಿಗೆ ಹತ್ತಾರು ಮಿಲಿಸೆಕೆಂಡು ಹಿಡಿಯುತ್ತದೆ.

2015ರ ಟಿಐ-84 ಪ್ಲಸ್ ಸಿಇ ಮಾದರಿಯಲ್ಲಿ ಕಂಪನಿ 2.5 ಮಿಲಿಮೀಟರ್ ಜಾಕನ್ನೇ ತೆಗೆದುಹಾಕಿತು. ಹಳೆಯ ಯಂತ್ರಗಳು ಮಾತ್ರ ಇನ್ನೂ ಚಾಲ್ತಿಯಲ್ಲಿವೆ, ಮತ್ತು ಈಗ ಹವ್ಯಾಸಿಗಳ ಮೇಜಿನ ಮೇಲೆ ಅವುಗಳ ಎದುರು ಆರ್ಡುಯಿನೊದಂಥ ಅಗ್ಗದ ಮೈಕ್ರೊಕಂಟ್ರೋಲರ್ ಬೋರ್ಡುಗಳೂ ಕುಳಿತಿವೆ. ಕೆಂಪು, ಬಿಳಿ ತಂತಿಗಳು ನೇರವಾಗಿ ಬೋರ್ಡಿನ ಎರಡು ಪಿನ್ನುಗಳಿಗೆ ಹೋಗುತ್ತವೆ, ಡಯೋಡ್ ಬೇಕಿಲ್ಲ, ಪಿನ್ನನ್ನು ಕೆಳಗೆಳೆಯುವುದೂ ಬಿಟ್ಟುಕೊಡುವುದೂ ಪ್ರೋಗ್ರಾಮಿನಿಂದಲೇ ಆಗುತ್ತದೆ, ನಡುವೆ ಅನುಮತಿ ಕೇಳುವ ಕಾರ್ಯಾಚರಣ ವ್ಯವಸ್ಥೆಯೂ ಇಲ್ಲ. 5 ವೋಲ್ಟಿನ ಬೋರ್ಡಾದರೆ ಇದು ಇಷ್ಟಕ್ಕೇ ಮುಗಿಯುತ್ತದೆ, 3.3 ವೋಲ್ಟಿನ ಹೊಸ ಬೋರ್ಡಾದರೆ ಕ್ಯಾಲ್ಕುಲೇಟರಿನ 5 ವೋಲ್ಟನ್ನು ತಗ್ಗಿಸುವ ಏರ್ಪಾಡು ಮಾಡದೆ ಜೋಡಿಸುವಂತಿಲ್ಲ, ಮತ್ತು ಬೋರ್ಡ್ ಕೆಟ್ಟಿತೋ ಕೇಬಲ್ ಕೆಟ್ಟಿತೋ ಎಂದು ತಿಳಿಯಲು ಮೊದಲು ಎರಡೂ ತಂತಿಗಳ ವೋಲ್ಟೇಜನ್ನು ಮಲ್ಟಿಮೀಟರಿನಿಂದ ಅಳೆದು ನೋಡಬೇಕಾಗುತ್ತದೆ.